ಒಂದು ಋತುವಿನ ಗೆಲುವು, ಕಾಲು ಶತಮಾನದ ನೆಲೆ: ಗೊನ್ಜಾಗಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕುರಿತು

ಸಾರಾಂಶ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಚಿಕ್ಕ ಸಂಸ್ಥೆಯೊಂದು ಯಾವುದೋ ಒಂದು ವರ್ಷ ಘಟಾನುಘಟಿಗಳನ್ನು ಮಣಿಸುವುದು ಅಪರೂಪವೇನಲ್ಲ. ಆ ಎತ್ತರದಲ್ಲಿ ನೆಲೆ ನಿಲ್ಲುವುದು ಅಪರೂಪ. ವಾಷಿಂಗ್ಟನ್ ರಾಜ್ಯದ ಗೊನ್ಜಾಗಾ ವಿಶ್ವವಿದ್ಯಾಲಯದ ಪುರುಷರ ತಂಡ 1999ರಿಂದ 2025ರವರೆಗೆ ನಡೆದ ಪ್ರತಿಯೊಂದು ರಾಷ್ಟ್ರೀಯ ಟೂರ್ನಿಯಲ್ಲೂ ಆಡಿದೆ. ಈ ಸಾಧನೆಯನ್ನು ಒಬ್ಬ ಆಟಗಾರನ ಪ್ರತಿಭೆ ಅಥವಾ ಒಂದು ಋತುವಿನ ಅದೃಷ್ಟ ವಿವರಿಸಲಾರದು. ಅನಿರೀಕ್ಷಿತ ಗೆಲುವಿನಿಂದ ಬಂದ ತಾತ್ಕಾಲಿಕ ಲಾಭವನ್ನು ಶಾಶ್ವತ ವ್ಯವಸ್ಥೆಯಾಗಿ ಪರಿವರ್ತಿಸಿದ್ದು, ಆಟಗಾರರು ಪಕ್ವವಾಗುವವರೆಗೆ ಕಾಯಬಲ್ಲ ಸಂಸ್ಥೆಯನ್ನು ಕಟ್ಟಿದ್ದು ಇದರ ಮೂಲ ಎಂಬುದು ಈ ಲೇಖನದ ವಾದ.

1. ಪೀಠಿಕೆ

ಸ್ಪೋಕೇನ್ ನಗರದಲ್ಲಿ ಯೇಸುಸಭೆಯ ಪಾದ್ರಿಗಳು 1887ರಲ್ಲಿ ಸ್ಥಾಪಿಸಿದ ಗೊನ್ಜಾಗಾದಲ್ಲಿ ಇಂದು ಪದವಿ ತರಗತಿಗಳಲ್ಲಿ ಓದುವವರು ಸುಮಾರು 5,000 ಮಂದಿ. ಅದೇ ಸಭೆಯವರು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು ಯಾವ ಸಂತನ ಹೆಸರನ್ನು ಹೊತ್ತಿದೆಯೋ, ಅದೇ ಅಲೋಶಿಯಸ್ ಗೊನ್ಜಾಗಾನ ಹೆಸರು ಈ ವಿಶ್ವವಿದ್ಯಾಲಯದ್ದೂ ಹೌದು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿಭಾಗದ ಬೊಕ್ಕಸ ತುಂಬುವುದು ಅಮೆರಿಕನ್ ಫುಟ್‌ಬಾಲ್. ಗೊನ್ಜಾಗಾ ತನ್ನ ಫುಟ್‌ಬಾಲ್ ತಂಡವನ್ನು ಎರಡನೆಯ ಮಹಾಯುದ್ಧದ ಹೊತ್ತಿಗೆ, 1941ರ ಋತುವಿನ ಬಳಿಕ, ನಿಲ್ಲಿಸಿತು. ಅದು 1979ರಲ್ಲಿ ಸೇರಿದ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಕೂಡ ಬಹುಪಾಲು ಧಾರ್ಮಿಕ ಸಂಸ್ಥೆಗಳು ನಡೆಸುವ ಚಿಕ್ಕ ಖಾಸಗಿ ವಿಶ್ವವಿದ್ಯಾಲಯಗಳ ಕೂಟ.

ಇಂಥ ಸಂಸ್ಥೆ ಡ್ಯೂಕ್, ಕೆಂಟಕಿ, ನಾರ್ತ್ ಕೆರೊಲಿನಾದಂಥ ದಿಗ್ಗಜರ ಸಾಲಿನಲ್ಲಿ ಕೂತದ್ದು ಹೇಗೆ? ಒಬ್ಬ ಮಹಾನ್ ಆಟಗಾರನಿಂದ ಎನ್ನುವ ಸುಲಭದ ಉತ್ತರವನ್ನು ಆರಂಭದಲ್ಲೇ ಬದಿಗಿಡಬಹುದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಇತಿಹಾಸದಲ್ಲಿ ಅತಿ ಹೆಚ್ಚು ಅಸಿಸ್ಟ್ (ಅಂಕಕ್ಕೆ ಕಾರಣವಾಗುವ ಪಾಸ್; 15,806) ಮತ್ತು ಅತಿ ಹೆಚ್ಚು ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು; 3,265) ದಾಖಲೆ ಹೊಂದಿರುವ ಜಾನ್ ಸ್ಟಾಕ್ಟನ್ ಸ್ಪೋಕೇನ್‌ನವನೇ. 1980ರಿಂದ 1984ರವರೆಗೆ ಗೊನ್ಜಾಗಾ ಪರ ಆಡಿದ ಅವನ ಕಾಲದಲ್ಲಿ ತಂಡ ಒಮ್ಮೆಯೂ ರಾಷ್ಟ್ರೀಯ ಟೂರ್ನಿಯ ಮುಖ ನೋಡಲಿಲ್ಲ. ಮೊದಲ ಅವಕಾಶ ಸಿಕ್ಕಿದ್ದು 1995ರಲ್ಲಿ, ಡ್ಯಾನ್ ಫಿಟ್ಜೆರಾಲ್ಡ್ ತರಬೇತಿಯಲ್ಲಿ. ಅಂದು ಮೊದಲ ಪಂದ್ಯದಲ್ಲೇ ಮೇರಿಲ್ಯಾಂಡ್ ಎದುರು ಸೋತು ತಂಡ ಮನೆಗೆ ಮರಳಿತು.

2. 1999 ಮತ್ತು ಅದರ ನಂತರ

ತಿರುವು ಬಂದದ್ದು 1999ರಲ್ಲಿ. ಡ್ಯಾನ್ ಮಾನ್ಸನ್ ಕೋಚ್ ಆಗಿದ್ದ ತಂಡ ತನ್ನ ವಿಭಾಗದಲ್ಲಿ ಹತ್ತನೇ ಶ್ರೇಯಾಂಕದೊಂದಿಗೆ ಟೂರ್ನಿಗೆ ಬಂದಿತ್ತು. ಮಿನೆಸೋಟ, ಎರಡನೇ ಶ್ರೇಯಾಂಕದ ಸ್ಟ್ಯಾನ್‌ಫರ್ಡ್, ಆಮೇಲೆ 73–72ರಿಂದ ಫ್ಲಾರಿಡಾ, ಹೀಗೆ ಮೂರು ದೊಡ್ಡ ತಂಡಗಳನ್ನು ದಾಟಿ ಕೊನೆಯ ಎಂಟು ತಂಡಗಳ ಘಟ್ಟ ತಲುಪಿತು. ಅಲ್ಲಿ ಕನೆಕ್ಟಿಕಟ್‌ಗೆ 67–62ರಿಂದ ಮಣಿಯಿತು. ಆ ಕನೆಕ್ಟಿಕಟ್ ಅದೇ ವರ್ಷ ಪ್ರಶಸ್ತಿ ಗೆದ್ದಿತು.

ಇಂಥ ಕಥೆಗಳು ಸಾಮಾನ್ಯವಾಗಿ ಮುಗಿಯುವುದು ಇಲ್ಲೇ. ಗೆದ್ದ ಕೋಚ್‌ಗೆ ದೊಡ್ಡ ವಿಶ್ವವಿದ್ಯಾಲಯದಿಂದ ಕರೆ ಬರುತ್ತದೆ, ಅವನ ಜೊತೆಗೆ ಅವನ ಪದ್ಧತಿಯೂ ಹೊರಟುಹೋಗುತ್ತದೆ. ಮಾನ್ಸನ್ ಕೂಡ ಆ ಬೇಸಿಗೆಯಲ್ಲೇ ಮಿನೆಸೋಟಕ್ಕೆ ಹೋದ. ಗೊನ್ಜಾಗಾ ಮಾತ್ರ ಹೊರಗಿನವರನ್ನು ಹುಡುಕದೆ ಸಹಾಯಕ ಕೋಚ್ ಮಾರ್ಕ್ ಫ್ಯೂಗೆ ಹೊಣೆ ವಹಿಸಿತು. ಫಿಟ್ಜೆರಾಲ್ಡ್ ಕೈಕೆಳಗೆ ಮಾನ್ಸನ್, ಮಾನ್ಸನ್ ಕೈಕೆಳಗೆ ಫ್ಯೂ ಪಳಗಿದ್ದರು. ಉತ್ತರಾಧಿಕಾರ ಒಳಗಿನಿಂದಲೇ ಬಂದದ್ದರಿಂದ ಆಟದ ಶೈಲಿ, ಆಟಗಾರರ ಆಯ್ಕೆಯ ಕ್ರಮ, ಶಾಲಾ ಕೋಚ್‌ಗಳೊಂದಿಗಿನ ಬಾಂಧವ್ಯ ಯಾವುದೂ ಕಡಿದುಹೋಗಲಿಲ್ಲ. ಫ್ಯೂ ತಂಡ 2000 ಮತ್ತು 2001ರಲ್ಲಿ 16ರ ಘಟ್ಟ ತಲುಪಿದಾಗ 1999ರದ್ದು ಆಕಸ್ಮಿಕವಲ್ಲ ಎಂಬುದು ಖಚಿತವಾಯಿತು. ಹಲವು ದೊಡ್ಡ ಸಂಸ್ಥೆಗಳ ಹುದ್ದೆಗಳೊಂದಿಗೆ ತನ್ನ ಹೆಸರು ತಳಕು ಹಾಕಿಕೊಂಡರೂ ಫ್ಯೂ ಸ್ಪೋಕೇನ್ ಬಿಡಲಿಲ್ಲ.

ಇದರ ಬೆಲೆ ತಿಳಿಯಲು ಬೇರೆಡೆಯ ಅನುಭವವನ್ನು ನೋಡಬೇಕು. ಇಂಡಿಯಾನಾಪೊಲಿಸ್‌ನ ಬಟ್ಲರ್ 2010 ಮತ್ತು 2011ರಲ್ಲಿ ಸತತ ಎರಡು ಫೈನಲ್ ಆಡಿತು. ಮೊದಲನೆಯದರಲ್ಲಿ ಡ್ಯೂಕ್‌ಗೆ ಸೋತದ್ದು ಕೇವಲ 61–59ರಿಂದ. ಕೋಚ್ ಬ್ರಾಡ್ ಸ್ಟೀವನ್ಸ್ 2013ರಲ್ಲಿ ಎನ್‌ಬಿಎಯ ಬೋಸ್ಟನ್ ಸೆಲ್ಟಿಕ್ಸ್‌ಗೆ ಹೋದ ಬಳಿಕ ಆ ಎತ್ತರ ಮತ್ತೆ ಕೈಗೆಟುಕಲಿಲ್ಲ. 2006ರಲ್ಲಿ ಸೆಮಿಫೈನಲ್ ಆಡಿದ ಜಾರ್ಜ್ ಮೇಸನ್, 2011ರಲ್ಲಿ ಆಡಿದ ವರ್ಜೀನಿಯಾ ಕಾಮನ್‌ವೆಲ್ತ್, 2018ರಲ್ಲಿ ಆಡಿದ ಲೊಯೋಲಾ ಷಿಕಾಗೊ ಈ ಮೂರೂ ತಮ್ಮ ಕೋಚ್‌ಗಳನ್ನು ಕೆಲವೇ ವರ್ಷಗಳಲ್ಲಿ ದೊಡ್ಡ ಕಾನ್ಫರೆನ್ಸ್‌ಗಳಿಗೆ ಬಿಟ್ಟುಕೊಟ್ಟವು. ಪ್ರತಿಭೆ ಎಲ್ಲೆಡೆ ಇತ್ತು. ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ.

3. ಹಣ: ಗೆಲುವಿನಿಂದ ಕಟ್ಟಡಕ್ಕೆ

ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಹಣ ಬೇಕು. ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ನಡೆಸುವ ಈ ರಾಷ್ಟ್ರೀಯ ಟೂರ್ನಿಯ ಆದಾಯದಲ್ಲಿ ಒಂದು ಪಾಲು 'ಯೂನಿಟ್' ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಫೈನಲ್ ಬಿಟ್ಟು, ತಂಡ ಆಡುವ ಪ್ರತಿ ಪಂದ್ಯಕ್ಕೂ ಒಂದು ಯೂನಿಟ್. ಅದರ ಹಣ ಆರು ವರ್ಷ ಕಂತಿನಲ್ಲಿ ಬರುತ್ತದೆ. ಈಚಿನ ವರ್ಷಗಳಲ್ಲಿ ಒಂದು ಯೂನಿಟ್‌ನ ಒಟ್ಟು ಮೌಲ್ಯ ಸುಮಾರು 20 ಲಕ್ಷ ಡಾಲರ್. ಆದರೆ ಈ ಹಣ ಸೇರುವುದು ಕಾನ್ಫರೆನ್ಸ್‌ಗೆ, ಗೆದ್ದ ಸಂಸ್ಥೆಗೆ ನೇರವಾಗಿ ಅಲ್ಲ. ಅಂದರೆ ಗೊನ್ಜಾಗಾ ಗಳಿಸಿದ್ದನ್ನು ಅದರ ಜೊತೆಗಾರ ವಿಶ್ವವಿದ್ಯಾಲಯಗಳೂ ಉಂಡವು. 2018ರಲ್ಲಿ ಗೊನ್ಜಾಗಾ ಬೇರೊಂದು ಕಾನ್ಫರೆನ್ಸ್ ಸೇರುವ ಸಾಧ್ಯತೆಯನ್ನು ಪರಿಶೀಲಿಸಿದ ನಂತರವೇ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಹಂಚಿಕೆಯ ನಿಯಮ ಬದಲಿಸಿ, ಗಳಿಸಿದವರಿಗೆ ಹೆಚ್ಚು ಪಾಲು ಕೊಡಲು ಒಪ್ಪಿತು.

ಅದಕ್ಕೂ ಮುಂಚೆ ಗೊನ್ಜಾಗಾ ನೆಚ್ಚಿಕೊಂಡದ್ದು ದಾನಿಗಳನ್ನು. ಅವರ ನೆರವಿನಿಂದ, ಸುಮಾರು 4,000 ಮಂದಿ ಹಿಡಿಸುತ್ತಿದ್ದ ಹಳೆಯ ಒಳಾಂಗಣದ ಬದಲಿಗೆ 6,000 ಆಸನಗಳ ಮೆಕಾರ್ಥಿ ಕ್ರೀಡಾಂಗಣ 2004ರಲ್ಲಿ ತೆರೆಯಿತು. ಈ ಗಾತ್ರ ಗಮನಾರ್ಹ. ದೊಡ್ಡ ವಿಶ್ವವಿದ್ಯಾಲಯಗಳ ಅಂಗಣಗಳು 15,000–20,000 ಜನರನ್ನು ಹಿಡಿಸುತ್ತವೆ. ಅವರನ್ನು ಅನುಕರಿಸಿ ಅರ್ಧ ಖಾಲಿ ಅಂಗಣ ಕಟ್ಟುವುದರ ಬದಲು, ಪ್ರತಿ ಪಂದ್ಯಕ್ಕೂ ಕಿಕ್ಕಿರಿಯುವ, ವಿದ್ಯಾರ್ಥಿಗಳ ಗದ್ದಲ ಎದುರಾಳಿಯ ಕಿವಿಗೆ ಅಪ್ಪಳಿಸುವ ಅಂಗಣವನ್ನು ಸಂಸ್ಥೆ ಆರಿಸಿಕೊಂಡಿತು.

ಕ್ರೀಡೆಯ ಗೆಲುವು ಪ್ರವೇಶಾತಿಯನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯೂ ಇಲ್ಲಿ ಪ್ರಸ್ತುತ. ಅರ್ಥಶಾಸ್ತ್ರಜ್ಞರಾದ ಡೆವಿನ್ ಪೋಪ್ ಮತ್ತು ಜ್ಯಾರೆನ್ ಪೋಪ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟೂರ್ನಿಯ 16ರ ಘಟ್ಟ ತಲುಪುವಂಥ ಯಶಸ್ಸು ಪ್ರವೇಶ ಅರ್ಜಿಗಳ ಸಂಖ್ಯೆಯನ್ನು ಶೇ 2ರಿಂದ 8ರಷ್ಟು ಹೆಚ್ಚಿಸಬಲ್ಲದು. ಶುಲ್ಕವನ್ನೇ ಬಹುವಾಗಿ ನೆಚ್ಚಿದ ಖಾಸಗಿ ವಿಶ್ವವಿದ್ಯಾಲಯಕ್ಕೆ ಇದು ಸಣ್ಣ ಮಾತಲ್ಲ. ಬಾಸ್ಕೆಟ್‌ಬಾಲ್‌ಗೆ ಸುರಿಯುವ ಹಣವನ್ನು ಆಡಳಿತ ಮಂಡಳಿ ಖರ್ಚಿನ ಬಾಬ್ತಾಗಿ ನೋಡದೆ ಹೂಡಿಕೆಯೆಂದು ನೋಡಲು ಇಂಥ ಲೆಕ್ಕಾಚಾರ ಆಧಾರ ಒದಗಿಸುತ್ತದೆ.

4. ಪಕ್ವವಾಗಲು ಬಿಟ್ಟ ಕಾಲ

ಶಾಲಾ ಮಟ್ಟದಲ್ಲೇ ಹೆಸರು ಮಾಡಿದ ಹುಡುಗರು ಡ್ಯೂಕ್, ಕೆಂಟಕಿಗಳನ್ನು ಬಿಟ್ಟು ಸ್ಪೋಕೇನ್‌ಗೆ ಬರುವಂತಿರಲಿಲ್ಲ. ಹಾಗಾಗಿ ಗೊನ್ಜಾಗಾ ಇತರರ ಕಣ್ಣು ಬೀಳದ ಎರಡು ದಾರಿ ಹಿಡಿಯಿತು.

ಮೊದಲನೆಯದು ವಿದೇಶ. ಫ್ರಾನ್ಸಿನ ರಾನಿ ತುರಿಯಾಫ್, ಜರ್ಮನಿಯ ಎಲಿಯಾಸ್ ಹ್ಯಾರಿಸ್, ಕೆನಡಾದ ಕೆಲ್ಲಿ ಒಲಿನಿಕ್, ಪೋಲೆಂಡಿನ ಪ್ರ್ಜೆಮೆಕ್ ಕಾರ್ನೋವ್ಸ್ಕಿ, ಲಿಥುವೇನಿಯಾದ ಡೊಮಾಂತಾಸ್ ಸಬೋನಿಸ್, ಜಪಾನಿನ ರುಯಿ ಹಚಿಮುರ ಮೊದಲಾದವರ ಸಾಲು ಎರಡು ದಶಕಗಳಷ್ಟು ಉದ್ದ. ಈ ಜಾಲ ಹೆಣೆಯುವಲ್ಲಿ ಮುಂಚೂಣಿಯಲ್ಲಿದ್ದವನು 2021ರವರೆಗೆ ಸಹಾಯಕ ಕೋಚ್ ಆಗಿದ್ದ ಟಾಮಿ ಲಾಯ್ಡ್. ಇದರಲ್ಲಿ ಒಂದು ಪ್ರವೇಶ ಮುಂದಿನ ಪ್ರವೇಶಕ್ಕೆ ದಾರಿಯಾಗುತ್ತದೆ. ಸ್ಪೋಕೇನ್‌ನಲ್ಲಿ ಒಬ್ಬ ಯುರೋಪಿಯನ್ ಯಶಸ್ವಿಯಾದರೆ ಅಲ್ಲಿನ ಕ್ಲಬ್‌ಗಳು, ತಂದೆತಾಯಿಯರು ಆ ಹೆಸರನ್ನು ನಂಬುತ್ತಾರೆ.

ಎರಡನೆಯದು ಕಾಯಿಸುವಿಕೆ. ಆಡದೆ ಅಭ್ಯಾಸದಲ್ಲಷ್ಟೇ ತೊಡಗಿ, ಅರ್ಹತೆಯ ಒಂದು ವರ್ಷವನ್ನು ಉಳಿಸಿಕೊಳ್ಳುವ 'ರೆಡ್‌ಶರ್ಟ್' ಅವಕಾಶ ಅಮೆರಿಕದ ಕಾಲೇಜು ಕ್ರೀಡೆಯಲ್ಲಿದೆ. ಒಲಿನಿಕ್ ಎರಡು ಋತು ಆಡಿದ ಮೇಲೆ 2011–12ರಲ್ಲಿ ಹೀಗೆ ಹೊರಗುಳಿದು ಮೈಕಟ್ಟು, ಆಟ ಎರಡನ್ನೂ ತಿದ್ದಿಕೊಂಡು, ಮರುವರ್ಷ ದೇಶದ ಅತ್ಯುತ್ತಮ ಆಟಗಾರರ ಸಾಲಿಗೆ ಸೇರಿದ. ಬೇರೆ ವಿಶ್ವವಿದ್ಯಾಲಯದಿಂದ ವರ್ಗಾವಣೆಯಾಗಿ ಬಂದವರು ಒಂದು ವರ್ಷ ಆಡುವಂತಿಲ್ಲ ಎಂಬ ಅಂದಿನ ನಿಯಮವನ್ನು ಹಲವರು ಶಿಕ್ಷೆಯೆಂದೇ ಕಂಡರು. ಗೊನ್ಜಾಗಾಕ್ಕೆ ಅದು ತಯಾರಿಯ ವರ್ಷವಾಯಿತು. ಕೆಂಟಕಿಯಿಂದ ಬಂದ ಕೈಲ್ ವಿಲ್ಟ್‌ಜರ್, ವಾಷಿಂಗ್ಟನ್‌ನಿಂದ ಬಂದ ನೈಜೆಲ್ ವಿಲಿಯಮ್ಸ್-ಗಾಸ್, ಸ್ಯಾನ್ ಹೋಸೆ ಸ್ಟೇಟ್‌ನಿಂದ ಬಂದ ಬ್ರ್ಯಾಂಡನ್ ಕ್ಲಾರ್ಕ್ ಮೂವರೂ ಆ ವರ್ಷ ಕಳೆದು ಅಂಗಣಕ್ಕಿಳಿದಾಗ ಬೇರೆಯೇ ಆಟಗಾರರಾಗಿದ್ದರು. ಹಚಿಮುರ ಮೊದಲ ವರ್ಷ ಬಹುತೇಕ ಬೆಂಚಿನಲ್ಲೇ ಕೂತಿದ್ದ. ಮೂರನೇ ವರ್ಷ ಕಾನ್ಫರೆನ್ಸ್‌ನ ಶ್ರೇಷ್ಠ ಆಟಗಾರನಾಗಿ, ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2019ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾದ.

ಕೋಚ್‌ಗೆ ಮುಂದಿನ ವರ್ಷವೂ ತಾನು ಇಲ್ಲೇ ಇರುತ್ತೇನೆಂಬ ಭರವಸೆ ಇದ್ದರೆ ಮಾತ್ರ ಆಟಗಾರನನ್ನು ಕಾಯಿಸುವ ಧೈರ್ಯ ಬರುತ್ತದೆ. ನೌಕರಿ ಉಳಿಸಿಕೊಳ್ಳಲು ಈ ವರ್ಷವೇ ಗೆಲ್ಲಬೇಕಾದವನು ಇರುವವರನ್ನೇ ಆಡಿಸುತ್ತಾನೆ. ಹೀಗಾಗಿ ಕೋಚ್‌ನ ದೀರ್ಘಾವಧಿ ಮತ್ತು ಆಟಗಾರರ ಬೆಳವಣಿಗೆ ಒಂದಕ್ಕೊಂದು ಆಧಾರ.

5. ವೇಳಾಪಟ್ಟಿ ಎಂಬ ತಂತ್ರ

ದುರ್ಬಲ ಕಾನ್ಫರೆನ್ಸ್‌ನಲ್ಲಿ ಗೆದ್ದ ಮಾತ್ರಕ್ಕೆ ಒಳ್ಳೆಯ ಶ್ರೇಯಾಂಕ ದೊರಕದು. ದೊಡ್ಡ ತಂಡಗಳು ಸ್ಪೋಕೇನ್‌ಗೆ ಬರಲು ಹಿಂಜರಿಯುತ್ತಿದ್ದವು: ಅಲ್ಲಿ ಗೆದ್ದರೆ ವಿಶೇಷ ಹೆಸರಿಲ್ಲ, ಸೋತರೆ ಅವಮಾನ. ಆದ್ದರಿಂದ ಗೊನ್ಜಾಗಾ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ತಾನೇ ಊರೂರು ಸುತ್ತಿ, ತಟಸ್ಥ ಅಂಗಣಗಳಲ್ಲಿ ಬಲಿಷ್ಠರನ್ನು ಹುಡುಕಿ ಆಡಿತು. 2018ರ ನವೆಂಬರ್‌ನಲ್ಲಿ ಹವಾಯಿಯ ಮಾವಿ ಟೂರ್ನಿಯ ಫೈನಲ್‌ನಲ್ಲಿ ತಾರಾ ಆಟಗಾರ ಝಯಾನ್ ವಿಲಿಯಮ್ಸನ್ ಇದ್ದ ಡ್ಯೂಕ್ ತಂಡವನ್ನು 89–87ರಿಂದ ಸೋಲಿಸಿದ್ದು ಈ ನೀತಿಯ ಫಲ. 2018ರ ಒಪ್ಪಂದದಲ್ಲಿ ಕಾನ್ಫರೆನ್ಸ್ ಪಂದ್ಯಗಳನ್ನು 18ರಿಂದ 16ಕ್ಕೆ ಇಳಿಸಿದ್ದರಿಂದ ಇಂಥ ಪಂದ್ಯಗಳಿಗೆ ಇನ್ನಷ್ಟು ಜಾಗ ಸಿಕ್ಕಿತು. ಬಲಿಷ್ಠರೊಂದಿಗೆ ಆಡುವ ಈ ನೀತಿಯ ಫಲವಾಗಿ 2013, 2017, 2019, 2021, 2022ರಲ್ಲಿ ತಂಡ ತನ್ನ ವಿಭಾಗದ ಅಗ್ರ ಶ್ರೇಯಾಂಕ ಪಡೆಯಿತು.

ದುರ್ಬಲ ಕಾನ್ಫರೆನ್ಸ್ ಇದ್ದದ್ದರಿಂದಲೇ ಪ್ರತಿ ವರ್ಷ ಟೂರ್ನಿಗೆ ಪ್ರವೇಶ ಸುಲಭವಾಯಿತು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅದೇ ಕಾನ್ಫರೆನ್ಸ್‌ನ ಸೇಂಟ್ ಮೇರಿಸ್ ತಂಡವನ್ನು 2001ರಿಂದ ರ‍್ಯಾಂಡಿ ಬೆನೆಟ್ ಒಬ್ಬನೇ ನಡೆಸಿದ; ಪ್ಯಾಟಿ ಮಿಲ್ಸ್, ಮ್ಯಾಥ್ಯೂ ಡೆಲವೆಡೋವಾ ಅವರಂಥ ಆಸ್ಟ್ರೇಲಿಯನ್ನರನ್ನು ಕರೆತಂದ. ದೀರ್ಘಕಾಲದ ಕೋಚ್, ವಿದೇಶಿ ಆಟಗಾರರ ಜಾಲ ಎರಡೂ ಇದ್ದ ಆ ತಂಡ ಟೂರ್ನಿಗೆ ಪದೇ ಪದೇ ಬಂದರೂ 2025ರವರೆಗಿನ ಬೆನೆಟ್ ಅವಧಿಯಲ್ಲಿ 16ರ ಘಟ್ಟ ಮುಟ್ಟಿದ್ದು 2010ರಲ್ಲಿ ಮಾತ್ರ. ಗೊನ್ಜಾಗಾ 2015ರಿಂದ 2024ರವರೆಗೆ ನಡೆದ ಒಂಬತ್ತೂ ಟೂರ್ನಿಗಳಲ್ಲಿ ಅದನ್ನು ಮುಟ್ಟಿತು. ಕಾನ್ಫರೆನ್ಸ್ ಬಾಗಿಲು ತೆರೆದಿರಬಹುದು, ಒಳಗಿನ ಸಾಧನೆಯನ್ನು ಅದು ವಿವರಿಸದು.

6. ಪ್ರಶಸ್ತಿಯ ಅಳತೆಗೋಲು

ಗೊನ್ಜಾಗಾ ಇನ್ನೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿಲ್ಲ ಎಂಬುದು ಟೀಕಾಕಾರರ ಮುಖ್ಯ ಅಸ್ತ್ರ. 2017ರ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾಕ್ಕೆ 71–65ರಿಂದ, ಅಲ್ಲಿಯವರೆಗೆ 31 ಪಂದ್ಯಗಳಲ್ಲಿ ಅಜೇಯವಾಗಿದ್ದ 2021ರಲ್ಲಿ ಬೇಲರ್‌ಗೆ 86–70ರಿಂದ ಅದು ಸೋತಿತು.

ಈ ಟೂರ್ನಿಯ ರಚನೆಯನ್ನು ಗಮನಿಸಿದರೆ ಟೀಕೆಯ ತೂಕ ಇಳಿಯುತ್ತದೆ. ಒಮ್ಮೆ ಸೋತರೆ ಹೊರಗೆ. ಪ್ರಶಸ್ತಿಗೆ ಸತತ ಆರು ಗೆಲುವು ಬೇಕು. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಂಭಾವ್ಯತೆ ಶೇ 80 ಇರುವ ತಂಡಕ್ಕೂ ಆರನ್ನೂ ಗೆಲ್ಲುವ ಸಂಭಾವ್ಯತೆ ಶೇ 26 ಮಾತ್ರ. ಪಂದ್ಯಕ್ಕೆ ಶೇ 90 ಎಂದು ಹಿಡಿದರೂ ಅದು ಸುಮಾರು ಶೇ 53 ಅಷ್ಟೇ. 2013ರಲ್ಲಿ ದೇಶದ ಅಗ್ರ ತಂಡವಾಗಿದ್ದ ಗೊನ್ಜಾಗಾ, ಒಂಬತ್ತನೇ ಶ್ರೇಯಾಂಕದ ವಿಚಿಟಾ ಸ್ಟೇಟ್‌ಗೆ 76–70ರಿಂದ ಸೋತು ಎರಡನೇ ಪಂದ್ಯದಲ್ಲೇ ಹೊರಬಿತ್ತು. 2021ರ ಸೆಮಿಫೈನಲ್‌ನಲ್ಲಿ ಯುಸಿಎಲ್‌ಎ ವಿರುದ್ಧ ಹೆಚ್ಚುವರಿ ಅವಧಿಯ ಕೊನೆಯ ಕ್ಷಣ ಗೊನ್ಜಾಗಾದ ಜೇಲೆನ್ ಸಗ್ಸ್ ಬಹುದೂರದಿಂದ ಎಸೆದ ಚೆಂಡು ಬುಟ್ಟಿ ಸೇರಿ 93–90ರ ಗೆಲುವು ಬಂತು. ಎರಡೂ ಫಲಿತಾಂಶಗಳು ಸಂಸ್ಥೆಯ ಗುಣಮಟ್ಟದ ಬಗ್ಗೆ ಹೇಳುವುದು ಕಡಿಮೆ. ಆ ಹಂತಕ್ಕೆ ಎಷ್ಟು ಸಲ ಬಂದು ನಿಂತಿತು ಎಂಬುದು ಹೆಚ್ಚು ಹೇಳುತ್ತದೆ.

7. ಬದಲಾದ ನಿಯಮಗಳು

2021ರಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು; ವರ್ಗಾವಣೆಯಾದವರು ವರ್ಷ ಕಾಯದೆ ಆಡಬಹುದಾಯಿತು. 2025–26ರಿಂದ ವಿಶ್ವವಿದ್ಯಾಲಯಗಳೇ ಆದಾಯವನ್ನು ಆಟಗಾರರೊಂದಿಗೆ ಹಂಚಿಕೊಳ್ಳಬಹುದಾಯಿತು; ಆ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್ ಆಗಿತ್ತು. ಹಣವುಳ್ಳವರಿಗೆ ಇದರಿಂದ ಅನುಕೂಲ ಎಂಬುದು ಮೇಲ್ನೋಟದ ಮಾತು. ಗೊನ್ಜಾಗಾಕ್ಕೆ ಬಿದ್ದ ಪೆಟ್ಟು ಇನ್ನೂ ಆಳದ್ದು, ಏಕೆಂದರೆ ಅದರ ಬಂಡವಾಳವೇ ಕಾಲ. ಕಾಯುವ ವರ್ಷ ಹೋಯಿತು. ಬೆಂಚಿನಲ್ಲಿ ಕೂತ ಪ್ರತಿಭಾವಂತನಿಗೆ ಬೇರೆಡೆ ತಕ್ಷಣದ ಅವಕಾಶ ತೆರೆಯಿತು. 2021ರಲ್ಲೇ ಲಾಯ್ಡ್ ಅರಿಜೋನಾದ ಮುಖ್ಯ ಕೋಚ್ ಆಗಿ ಹೋದ. 2025ರಲ್ಲಿ ಹ್ಯೂಸ್ಟನ್‌ಗೆ 81–76ರಿಂದ ಸೋತು 16ರ ಘಟ್ಟದ ಸರಣಿ ತುಂಡಾಯಿತು. 2026ರ ಜುಲೈನಿಂದ ಪ್ಯಾಕ್-12 ಕಾನ್ಫರೆನ್ಸ್ ಸೇರುವ ನಿರ್ಧಾರವನ್ನು ಗೊನ್ಜಾಗಾ 2024ರಲ್ಲೇ ಪ್ರಕಟಿಸಿತ್ತು. ಆದಾಯ ಮತ್ತು ಎದುರಾಳಿಗಳ ಮಟ್ಟ ಎರಡನ್ನೂ ಏರಿಸಿಕೊಳ್ಳುವ ಯತ್ನವಿದು.

8. ಉಪಸಂಹಾರ

ಗೊನ್ಜಾಗಾ ಮಾದರಿಯಲ್ಲಿ ನಾಲ್ಕು ಅಂಶ ಒಂದನ್ನೊಂದು ಹೊತ್ತು ನಿಂತಿವೆ: ಒಳಗಿನಿಂದ ಬಂದ ಉತ್ತರಾಧಿಕಾರ, ಗೆಲುವಿನ ಹಣವನ್ನು ನೆಲೆಗೆ ತೊಡಗಿಸಿದ ಆಡಳಿತ, ಆಟಗಾರರಿಗೆ ಕೊಟ್ಟ ಕಾಲಾವಕಾಶ, ಬಲಿಷ್ಠರನ್ನು ಅರಸಿ ಹೋದ ವೇಳಾಪಟ್ಟಿ. ಇವುಗಳಲ್ಲಿ ಒಂದನ್ನಷ್ಟೇ ನಕಲು ಮಾಡಿದವರಿಗೆ ಒಂದು ಒಳ್ಳೆಯ ವರ್ಷ ಸಿಗಬಹುದು, ಪರಂಪರೆ ಸಿಗದು. 2001 ಮತ್ತು 2015ರ ನಡುವಿನ ವರ್ಷಗಳಲ್ಲಿ ಗೊನ್ಜಾಗಾ 16ರ ಘಟ್ಟ ತಲುಪಿದ್ದು ಬರೀ ಎರಡು ಸಲ, 2006 ಮತ್ತು 2009ರಲ್ಲಿ. ಆ ನಡುಗಾಲದಲ್ಲಿ ಕೋಚ್‌ನನ್ನು ಬದಲಿಸದೆ, ದಾರಿ ಬಿಡದೆ ಇದ್ದದ್ದೇ ಮುಂದಿನ ದಶಕದ ಬೆಳೆಗೆ ಕಾರಣ. ಯಾವುದೇ ಕಾಲೇಜು ತಂಡವನ್ನು ರಾಷ್ಟ್ರಮಟ್ಟಕ್ಕೆ ಏರಿಸಹೊರಟ ಆಡಳಿತಗಾರರು ಮೊದಲ ಗೆಲುವಿಗಿಂತ ಅದರ ನಂತರದ ಸಾಧಾರಣ ವರ್ಷಗಳಿಗೆ ಸಿದ್ಧರಾಗಬೇಕು. ಸಂಸ್ಥೆ ಕಟ್ಟಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ವರ್ಷಗಳಲ್ಲಿ.