ಇರಲೇಬೇಕಾದದ್ದು, ಇದ್ದರೆ ಒಳ್ಳೆಯದು

ಬಿಸಿಬೇಳೆಬಾತ್‌ಗೆ ತೊಗರಿಬೇಳೆ ಇರಲೇಬೇಕು. ಗೋಡಂಬಿ ಇದ್ದರೆ ಒಳ್ಳೆಯದು. ಇಲ್ಲವೆಂದು ಯಾರೂ ಎಲೆಯ ಮುಂದಿನಿಂದ ಏಳುವುದಿಲ್ಲ. ಅಡುಗೆಮನೆಯಲ್ಲಿ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗಣಕಯಂತ್ರದ ಜಗತ್ತಿನಲ್ಲಿ ಯಾವುದು ಬೇಳೆ, ಯಾವುದು ಗೋಡಂಬಿ ಎಂಬ ಪ್ರಶ್ನೆ ಸುಮಾರು ಮೂರು ದಶಕಗಳಿಂದ ದೊಡ್ಡ ವಾಗ್ವಾದಗಳಿಗೆ ಎಡೆಮಾಡಿಕೊಟ್ಟಿದೆ.

ಯಾವ ತಂತ್ರಾಂಶವೂ ತನ್ನ ಕೆಲಸವನ್ನೆಲ್ಲ ತಾನೇ ಮಾಡುವುದಿಲ್ಲ. ತೆರೆಯ ಮೇಲೆ ಕಿಟಕಿ ಬಿಡಿಸಲು, ಅಕ್ಷರ ಮೂಡಿಸಲು, ಕಡತ ಹುಡುಕಲು ಬೇರೆಯವರು ಬರೆದಿಟ್ಟ ತಂತ್ರಾಂಶಗಳ ನೆರವು ಪಡೆಯುತ್ತದೆ. ಇದೇ ಅವಲಂಬನೆ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಇದನ್ನು ಮುಖ್ಯವಾಗಿ ಮೂರು ದರ್ಜೆಗಳಲ್ಲಿ ವಿಂಗಡಿಸುತ್ತದೆ: ಇಲ್ಲದಿದ್ದರೆ ನಡೆಯದ ‘ಅವಲಂಬನೆ’, ಸಾಮಾನ್ಯವಾಗಿ ಬೇಕಾಗುವ ‘ಶಿಫಾರಸು’, ಬೇಕೆನಿಸಿದವರಿಗೆ ‘ಸಲಹೆ’. ವಿಂಗಡಣೆ ಸರಳವಾಗಿದೆ. ಆದರೆ ಯಾವುದನ್ನು ಎಲ್ಲಿ ಇಡಬೇಕು ಎನ್ನುವಲ್ಲಿಯೇ ತಕರಾರು.

ಗಣಕ ತೆರೆದೊಡನೆ ಕಾಣುವ ಕಿಟಕಿ, ಚಿತ್ರಸಂಕೇತ, ಪಟ್ಟಿಗಳ ಒಟ್ಟು ವ್ಯವಸ್ಥೆಗೆ ಡೆಸ್ಕ್‌ಟಾಪ್ ಪರಿಸರ ಎನ್ನುತ್ತಾರೆ. ಲಿನಕ್ಸ್‌ಗೆ ಅಂಥದೊಂದನ್ನು ಕಟ್ಟೋಣವೆಂದು 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ವಿದ್ಯಾರ್ಥಿ ಮಟಿಯಾಸ್ ಎಟ್ರಿಷ್ ಕರೆ ಕೊಟ್ಟರು. ಹುಟ್ಟಿದ್ದು ಕೆಡಿಇ. ಅದರ ಅಡಿಪಾಯ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ. ಕೆಡಿಇ ಎಲ್ಲರೂ ತಿದ್ದಿ ಹಂಚಬಹುದಾದ ಮುಕ್ತ ತಂತ್ರಾಂಶವಾಗಿತ್ತು. ಕ್ಯೂಟಿಯ ಪರವಾನಗಿ ಆಗ ಅಷ್ಟು ಮುಕ್ತವಾಗಿರಲಿಲ್ಲ. ಮನೆ ನಮ್ಮದು, ನೆಲ ಬೇರೆಯವರದು ಎಂಬಂಥ ಸ್ಥಿತಿ. ಕ್ಯೂಟಿಯನ್ನು ತೆಗೆದರೆ ಕೆಡಿಇ ಉಳಿಯುತ್ತಲೇ ಇರಲಿಲ್ಲ.

ಈ ಕಾರಣಕ್ಕಾಗಿಯೇ 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆದೆರಿಕೊ ಮೆನಾ ‘ಗ್ನೋಮ್’ ಎಂಬ ಪ್ರತ್ಯೇಕ ಪರಿಸರವನ್ನು ಆರಂಭಿಸಿದರು. ಅದಕ್ಕೆ ಜಿಟಿಕೆ ಎಂಬ ಮುಕ್ತ ಅಡಿಪಾಯವನ್ನು ಆರಿಸಿಕೊಂಡರು. 1998ರಲ್ಲಿ ಡೆಬಿಯನ್ ತನ್ನ ಭಂಡಾರದಿಂದ ಕೆಡಿಇಯನ್ನು ಹೊರಗಿಟ್ಟಿತು. 2000ದ ಸೆಪ್ಟೆಂಬರ್‌ನಲ್ಲಿ ಕ್ಯೂಟಿಯೂ ಮುಕ್ತ ಪರವಾನಗಿಯಡಿ ಬಂದಾಗ ಆ ಜಗಳ ತಣ್ಣಗಾಯಿತು. ಅಷ್ಟರಲ್ಲಿ ಲಿನಕ್ಸ್‌ಗೆ ಎರಡು ದೊಡ್ಡ ಪರಿಸರಗಳಾಗಿದ್ದವು. ಅವು ಇಂದಿಗೂ ಎರಡಾಗಿಯೇ ಉಳಿದಿವೆ.

ಮುಂದಿನ ತಕರಾರು ಇನ್ನಷ್ಟು ಸೂಕ್ಷ್ಮವಾದದ್ದು. 2008ರಲ್ಲಿ ಬಂದ ನಾಲ್ಕನೆಯ ಕೆಡಿಇಯಲ್ಲಿ ‘ನೆಪೋಮುಕ್’ ಎಂಬ ಹುಡುಕುವ ಸೌಲಭ್ಯವಿತ್ತು. ಅದು ಗಣಕವನ್ನು ನಿಧಾನಗೊಳಿಸುತ್ತದೆಂದು ದೂರಿದವರು ಬಹಳ. ಬೇಡವಾದರೆ ಆರಿಸಿಡಲು ಅವಕಾಶವೇನೋ ಇತ್ತು. ಆದರೆ ಆರಿಸಿದರೆ ಅಂಚೆ ತಂತ್ರಾಂಶ ಕೆಮೇಲ್ ಕೂಡ ತನ್ನ ಕೆಲವು ಸೌಲಭ್ಯಗಳನ್ನು ಕಳೆದುಕೊಳ್ಳುತ್ತಿತ್ತು. ಹೆಸರಿಗೆ ಐಚ್ಛಿಕ, ವ್ಯವಹಾರದಲ್ಲಿ ಕಡ್ಡಾಯ! ಕೊನೆಗೆ 2014ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಹಗುರವಾದ ‘ಬಲೂ’ ಬಂತು.

ಇದಕ್ಕಿಂತ ದೊಡ್ಡ ಬಿರುಗಾಳಿ ಎದ್ದದ್ದು ಗ್ನೋಮ್ ಅಂಗಳದಲ್ಲಿ. 2010ರಲ್ಲಿ ಬಂದ ‘ಸಿಸ್ಟಮ್‌ಡಿ’ ಗಣಕ ಶುರುವಾಗುವಾಗ ಎಲ್ಲ ಸೇವೆಗಳನ್ನೂ ಎಬ್ಬಿಸುವ ತಂತ್ರಾಂಶ. ಯಾರು ಪ್ರವೇಶಿಸಿದ್ದಾರೆ, ಯಂತ್ರವನ್ನು ಯಾವಾಗ ಮಲಗಿಸಬೇಕು ಎಂಬುದನ್ನೂ ಅದರ ಒಂದು ಭಾಗ ನೋಡಿಕೊಳ್ಳುತ್ತದೆ. ಮೊದಲು ಈ ಕೆಲಸ ಮಾಡುತ್ತಿದ್ದ ‘ಕನ್ಸೋಲ್‌ಕಿಟ್’ ನೋಡಿಕೊಳ್ಳುವವರಿಲ್ಲದೆ ಸೊರಗಿದ್ದರಿಂದ ಗ್ನೋಮ್ ಹೊಸದರತ್ತ ವಾಲಿತು. ಸಿಸ್ಟಮ್‌ಡಿ ನಡೆಯುವುದು ಲಿನಕ್ಸ್ ಮೇಲೆ ಮಾತ್ರ. ಬಿಎಸ್‌ಡಿ ಬಳಗದವರು ಹೊಸ್ತಿಲಾಚೆ ನಿಂತಂತಾಯಿತು. ನಮಗೆ ಬೇಕಾದದ್ದು ಆ ಸೇವೆ, ಅದನ್ನು ಯಾರು ಕೊಟ್ಟರೂ ಆದೀತು ಎಂಬುದು ಗ್ನೋಮ್‌ನವರ ಸಮರ್ಥನೆಯಾಗಿತ್ತು. ಆದರೆ ಕೊಡುವವರು ಬೇರೆ ಯಾರಿದ್ದರು?

2014ರ ಫೆಬ್ರವರಿಯಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮನಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಅದೇ ವರ್ಷ ‘ಡೆವುವಾನ್’ ಎಂಬ ಕವಲನ್ನು ಘೋಷಿಸಿ, 2017ರಲ್ಲಿ ಮೊದಲ ಸ್ಥಿರ ಆವೃತ್ತಿ ಹೊರತಂದರು. ಇನ್ನು ಕೆಲವರು ಸಿಸ್ಟಮ್‌ಡಿಯಿಂದ ಬೇಕಾದ ಭಾಗವನ್ನಷ್ಟೇ ಬಿಡಿಸಿ ‘ಇಲಾಗಿಂಡ್’ ಎಂದು ಹೆಸರಿಟ್ಟು, ಉಳಿದದ್ದರ ಹಂಗಿಲ್ಲದೆ ಗ್ನೋಮ್ ನಡೆಸಿದರು.

ಹಾಗೆಂದು ಕಡ್ಡಾಯವೆಲ್ಲ ಕೆಡುಕೆಂದು ತಿಳಿಯಬೇಕಾಗಿಲ್ಲ. ಇದಕ್ಕೆ ಕನ್ನಡವೇ ಸಾಕ್ಷಿ. ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತರೆ ಸಾಕು. ಕನ್ನಡದ ‘ಸ್ತ್ರೀ’ ಗಣಕದ ಯುನಿಕೋಡ್ ಲೆಕ್ಕದಲ್ಲಿ ಆರು ಸಂಕೇತಗಳು. ಅವನ್ನು ಕೂಡಿಸಿ ಒತ್ತು, ಗುಣಿತಗಳೊಡನೆ ಒಂದೇ ಅಕ್ಷರವಾಗಿ ಮೂಡಿಸಲು ಪ್ರತ್ಯೇಕ ತಂತ್ರಾಂಶ ಬೇಕು. ಅಂಥದೊಂದು ‘ಪಾಂಗೋ’. ‘ಎಲ್ಲ’ ಎಂಬರ್ಥದ ಗ್ರೀಕ್ ಪದವನ್ನೂ ‘ಭಾಷೆ’ ಎಂಬರ್ಥದ ಜಪಾನಿ ಪದವನ್ನೂ ಬೆಸೆದ ಹೆಸರದು. 2002ರಲ್ಲಿ ಬಂದ ಜಿಟಿಕೆಯ ಎರಡನೆಯ ಅವತಾರ ಪಾಂಗೋವನ್ನು ಕಡ್ಡಾಯ ಮಾಡಿತು. ಹೀಗಾಗಿ ಕನ್ನಡವನ್ನು ಕಂಡೇ ಇರದವರು ಆ ಅಡಿಪಾಯದ ಮೇಲೆ ಬರೆದ ತಂತ್ರಾಂಶಗಳಿಗೂ, ಪಾಂಗೋ ಬೆಳೆದಂತೆ, ಒತ್ತಕ್ಷರ ಮೂಡಿಸುವ ಶಕ್ತಿ ತಾನಾಗಿ ಒದಗಿತು. ಅದನ್ನು ಐಚ್ಛಿಕವಾಗಿ ಇಟ್ಟಿದ್ದರೆ, ಇಂಗ್ಲಿಷೊಂದೇ ಸಾಕೆನ್ನುವವರು ಹೊರೆಯೆಂದು ಬಿಟ್ಟುಬಿಡುವ ಸಾಧ್ಯತೆಯೇ ಹೆಚ್ಚಾಗಿತ್ತು.

ಒಬ್ಬರ ಗೋಡಂಬಿ ಇನ್ನೊಬ್ಬರ ಬೇಳೆಯಾಗಿರಬಹುದು. ಕಡ್ಡಾಯ ಮಾಡಿದರೆ ಬೇಡದವರ ಮೇಲೆ ಹೊರೆ. ಐಚ್ಛಿಕ ಮಾಡಿದರೆ ಬೇಕಾದವರು ಕೈಬಿಟ್ಟು ಹೋಗುವ ಭಯ. ತಂತ್ರಾಂಶ ಕಟ್ಟುವವರು ಈ ಗೆರೆ ಎಳೆಯುವಾಗ ಮಾಡುವುದು ಬರಿಯ ತಾಂತ್ರಿಕ ಲೆಕ್ಕಾಚಾರವಲ್ಲ. ಪಂಕ್ತಿಯಲ್ಲಿ ಯಾರಿಗೆಲ್ಲ ಎಲೆ ಹಾಕಬೇಕೆಂಬ ತೀರ್ಮಾನವೂ ಅದರಲ್ಲೇ ಅಡಗಿದೆ.