ಮಾನಿಟರ್ ಮೆನುವಿನ 2.2, 6500: ಈ ಸಂಖ್ಯೆಗಳು ಎಲ್ಲಿಂದ ಬಂದವು?



"ಹಗಲು ಆಫೀಸ್ ಕೆಲಸ, ರಾತ್ರಿ ಗೇಮ್. ಎರಡಕ್ಕೂ ಸೇರಿ ಒಂದೇ ಮಾನಿಟರ್ ತಗೋಬೇಕು, ಯಾವುದು ತಗೊಳ್ಳಲಿ?" ಜನ ನನ್ನನ್ನು ಪದೇಪದೇ ಕೇಳೋ ಪ್ರಶ್ನೆ ಇದು. ಮಾಡೆಲ್ ಹೆಸರು ಹೇಳಿಬಿಡೋದು ಸುಲಭ. ಆದರೆ ಸ್ವಲ್ಪ ದಿನಕ್ಕೆ ಆ ಮಾಡೆಲ್ ಹೋಗಿ, ಅದೇ ಹೆಸರಿಗೆ ಇನ್ನೊಂದು ಅಕ್ಷರ ಅಂಟಿಸಿಕೊಂಡ ಬೇರೆಯದು ಅಂಗಡಿಗೆ ಬಂದಿರುತ್ತದೆ. ಬದಲಾಗದೆ ಉಳಿಯೋದು ಡಬ್ಬದ ಮೇಲಿನ, ಮೆನುವಿನ ಒಳಗಿನ ಕೆಲವು ಸಂಖ್ಯೆಗಳು: ಗಾಮಾ 2.2, ಬಣ್ಣದ ತಾಪಮಾನ 6500, ಎಸ್‌ಆರ್‌ಜಿಬಿ, 60 ಹರ್ಟ್ಸ್, 144 ಹರ್ಟ್ಸ್. ಹಾಗಾಗಿ ಇವತ್ತು ಆ ಸಂಖ್ಯೆಗಳ ಇತಿಹಾಸ ಹೇಳ್ತೀನಿ. ಮೂವತ್ತು ಸಾವಿರ ರೂಪಾಯಿ ಕೊಡೋ ಮುಂಚೆ ಅದನ್ನು ತಿಳಿದುಕೊಂಡರೆ, ಅಂಗಡಿಯವನು ಹೇಳಿದ್ದರಲ್ಲಿ ಯಾವುದು ಕೆಲಸದ ಮಾತು, ಯಾವುದು ಬರೀ ಸ್ಟಿಕರ್ ಅಂತ ನೀವೇ ವಿಂಗಡಿಸಬಹುದು.

ಮೊದಲಿಗೆ, ಈ 'ಕೆಲಸಕ್ಕೋ ಆಟಕ್ಕೋ' ಅನ್ನೋ ಪ್ರಶ್ನೆ ಹೊಸದಲ್ಲ. 1981ರಲ್ಲಿ ಐಬಿಎಂ ಪಿಸಿ ಬಂದಾಗಲೇ ಅದು ಇತ್ತು. ಆ ಕಂಪ್ಯೂಟರಿಗೆ ಎರಡು ಬಗೆಯ ಡಿಸ್‌ಪ್ಲೇ ಕಾರ್ಡ್ ಸಿಗುತ್ತಿದ್ದವು. ಒಂದು ಎಂಡಿಎ: ಬರೀ ಅಕ್ಷರ, ಬರೀ ಹಸಿರು, ಆದರೆ 720×350 ಚುಕ್ಕೆಗಳ ಸ್ಪಷ್ಟತೆ. ಇನ್ನೊಂದು ಸಿಜಿಎ: ಬಣ್ಣ ಉಂಟು, ಚಿತ್ರ ಉಂಟು, ಆಟ ಉಂಟು, ಆದರೆ ನಾಲ್ಕು ಬಣ್ಣ ಬೇಕು ಅಂದ್ರೆ 320×200ಕ್ಕೆ ಇಳೀಬೇಕು. ಎರಡನೆಯದನ್ನು ಮನೆಯ ಟಿವಿಗೂ ಜೋಡಿಸಬಹುದಿತ್ತು. ಲೆಕ್ಕಪತ್ರದವರು ಮೊದಲನೆಯದನ್ನು ತಗೊಂಡರು, ಮನೆಯಲ್ಲಿ ಮಕ್ಕಳಿದ್ದವರು ಎರಡನೆಯದನ್ನು. ಎರಡೂ ಬೇಕಾದವರು ಎರಡು ಕಾರ್ಡ್ ಹಾಕಿ, ಎರಡು ಮಾನಿಟರ್ ಇಟ್ಟುಕೊಂಡರು.

ಎಂಡಿಎ ಸೆಕೆಂಡಿಗೆ 50 ಸಲ ಮಾತ್ರ ಪರದೆಯನ್ನು ಬರೆಯುತ್ತಿತ್ತು. ಅಷ್ಟು ನಿಧಾನವಾದರೆ ಪರದೆ ಮಿಣುಕಬೇಕು, ಕಣ್ಣು ಉರಿಯಬೇಕು. ಹಾಗಾಗದಿರಲಿ ಅಂತ ಒಮ್ಮೆ ಹೊತ್ತಿಕೊಂಡರೆ ತಡವಾಗಿ ಆರುವ ಫಾಸ್ಫರ್ ಬಳಸಿದ್ದರು. ಪರಿಣಾಮ: ನಿಂತ ಅಕ್ಷರ ಬೆಣ್ಣೆಯ ಹಾಗೆ ಹಿತ, ಚಲಿಸಿದರೆ ಹಿಂದೆ ಹಸಿರು ಬಾಲ. ಸಿಜಿಎ ಕಡೆ 60 ಹರ್ಟ್ಸ್. ಅದು ಟಿವಿಯಿಂದ ಬಂದ ಸಂಖ್ಯೆ. ಟಿವಿಗೆ ಅದು ಬಂದದ್ದು ಅಮೆರಿಕದ ಕರೆಂಟಿನಿಂದ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ಟಿವಿಯನ್ನೂ ಅದಕ್ಕೇ ಹೊಂದಿಸಿದರೆ ಪವರ್ ಸಪ್ಲೈನ ಗುಂಯ್‌ಗುಡುವಿಕೆ ಚಿತ್ರದಲ್ಲಿ ಅಲೆಅಲೆಯಾಗಿ ಓಡುವುದಿಲ್ಲ. ನಮ್ಮ ಕರೆಂಟು 50, ಹಾಗಾಗಿ ನಮ್ಮ ದೂರದರ್ಶನವೂ 50. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂದಾಗಲೂ ಅದು ಬದಲಾಗಲಿಲ್ಲ. ಆದರೆ ಪುಣೆಯಲ್ಲಿ ಕೂತು ನಾವು ಕೊಳ್ಳುವ ಮಾನಿಟರ್ ಮಾತ್ರ ಇವತ್ತಿಗೂ ಅಮೆರಿಕದ ಪ್ಲಗ್ ಪಾಯಿಂಟಿನ ಲೆಕ್ಕದಲ್ಲೇ ನಡೀತದೆ.

ಇನ್ನು ಗಾಮಾ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೋಗೋಣ.

1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಮಾಡಿದ ಕ್ಯಾಥೋಡ್ ರೇ ಟ್ಯೂಬೇ ಮುಂದೆ ಟಿವಿ ಆಯಿತು, ಆಮೇಲೆ ಮಾನಿಟರ್ ಆಯಿತು. ಆ ಟ್ಯೂಬಿಗೆ ಒಂದು ಹುಟ್ಟುಗುಣ. ಒಳಗೆ ಕೊಡುವ ವೋಲ್ಟೇಜನ್ನು ಅರ್ಧಕ್ಕೆ ಇಳಿಸಿದರೆ ಬೆಳಕು ಅರ್ಧ ಆಗಲ್ಲ, ಸುಮಾರು ಐದನೇ ಒಂದು ಭಾಗಕ್ಕೆ ಬೀಳುತ್ತದೆ. ಕಾರಣ ಫಾಸ್ಫರ್ ಅಲ್ಲ, ಎಲೆಕ್ಟ್ರಾನ್ ಗನ್. ಅರ್ಧವನ್ನು 2.2ರ ಘಾತಕ್ಕೆ ಏರಿಸಿ ನೋಡಿ, 0.22ರ ಹತ್ತಿರ ಬರುತ್ತದೆ. ನಿಮ್ಮ ಮೆನುವಿನ 2.2 ಅದೇ.

ಟಿವಿ ಎಂಜಿನಿಯರುಗಳ ಮುಂದೆ ಎರಡು ದಾರಿ ಇದ್ದವು. ಈ ವಕ್ರತೆಯನ್ನು ಪ್ರತಿ ಮನೆಯ ಟಿವಿಯಲ್ಲೂ ಒಂದು ಸರ್ಕ್ಯೂಟ್ ಇಟ್ಟು ಸರಿಪಡಿಸಬೇಕು, ಇಲ್ಲವೇ ಸ್ಟುಡಿಯೋದ ಕ್ಯಾಮೆರಾದಲ್ಲೇ ಉಲ್ಟಾ ವಕ್ರತೆ ಹಾಕಿ ಕಳಿಸಬೇಕು. ಕ್ಯಾಮೆರಾ ಕೆಲವೇ, ಟಿವಿ ಲಕ್ಷಾಂತರ. ಕ್ಯಾಮೆರಾದಲ್ಲೇ ಮಾಡಿದರು. ಬರೀ ಖರ್ಚಿನ ಲೆಕ್ಕದಲ್ಲಿ ಮಾಡಿದ್ದು ಇನ್ನೊಂದು ಕಡೆ ವರವಾಯಿತು. ನಮ್ಮ ಕಣ್ಣು ಕತ್ತಲ ಕಡೆಯ ಚಿಕ್ಕ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ, ಬೆಳಕಿನ ಕಡೆ ಅಷ್ಟಾಗಿ ಇಲ್ಲ. ಕ್ಯಾಮೆರಾದ ಆ ಉಲ್ಟಾ ವಕ್ರತೆ ಕಣ್ಣಿನ ಈ ಸ್ವಭಾವಕ್ಕೆ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಹಾಗಾಗಿಯೇ ಮುಂದೆ ಡಿಜಿಟಲ್ ಬಂದಾಗ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಮಟ್ಟ, ಸಾಕಾಯಿತು. ಬೆಳಕನ್ನು ಇದ್ದ ಹಾಗೇ ನೇರ ಅಳತೆಯಲ್ಲಿ ಬರೆದಿದ್ದರೆ 12 ಬಿಟ್ಟಿನ ಆಸುಪಾಸು ಬೇಕಾಗುತ್ತಿತ್ತು. ಕೋಡ್ ಬರೆಯುವವರಿಗೆ ಗೊತ್ತಾಗುತ್ತೆ, ಅದು ಎಷ್ಟು ಮೆಮೊರಿ ಉಳಿಸಿದ ಕಾಕತಾಳೀಯ ಅಂತ.

ಎಲ್‌ಸಿಡಿಗೆ ಈ ಹುಟ್ಟುಗುಣ ಇಲ್ಲ. ದ್ರವ ಸ್ಫಟಿಕದ ನಡತೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿದ ಗೆರೆ. ಆದರೆ ಜಗತ್ತಿನ ಫೋಟೋ, ವಿಡಿಯೋ, ಗೇಮ್ ಎಲ್ಲವೂ ಹಳೇ ಟ್ಯೂಬಿನ ಲೆಕ್ಕದಲ್ಲಿ ತಯಾರಾಗಿದ್ದವು. ಅದಕ್ಕೇ ಪ್ರತಿ ಎಲ್‌ಸಿಡಿಯ ಒಳಗೆ ಒಂದು ಕೋಷ್ಟಕ ಕೂತಿರುತ್ತದೆ. ಅದರ ಕೆಲಸ ಗಾಜಿನ ಟ್ಯೂಬಿನ ವೇಷ ಹಾಕೋದು. ಇನ್ನೂ ತಮಾಷೆ ಅಂದ್ರೆ, ಸೋನಿ ಟ್ರಿನಿಟ್ರಾನ್ ನಿಲ್ಲಿಸಿದ್ದು 2008ರಲ್ಲಿ. ಸ್ಟುಡಿಯೋ ಪರದೆಯ ಗಾಮಾ 2.4 ಇರಬೇಕು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬಿಟಿ.1886 ಎಂಬ ಶಿಫಾರಸಿನಲ್ಲಿ ಬರೆದಿಟ್ಟಿದ್ದು 2011ರಲ್ಲಿ. ಆಸಾಮಿ ಹೋದ ಮೇಲೆ ಉಯಿಲು ಬರೆದ ಹಾಗೆ!

ಈ ನಡುವೆ ಆಪಲ್ ತನ್ನದೇ ದಾರಿ ಹಿಡಿದಿತ್ತು. ಪ್ರಿಂಟಿಗೆ ಹೊಂದಲಿ ಅಂತ ಅವರು ಮ್ಯಾಕ್‌ಗೆ 1.8 ಇಟ್ಟುಕೊಂಡರು. ಮ್ಯಾಕ್‌ನಲ್ಲಿ ಸರಿಯಾಗಿ ಕಂಡ ಫೋಟೋ ವಿಂಡೋಸ್‌ನಲ್ಲಿ ಮಂಕಾಗಿ ಕಾಣುತ್ತಿತ್ತು. 2009ರ ಸ್ನೋ ಲೆಪರ್ಡ್ ಬರೋವರೆಗೂ ಈ ಜಗಳ ಮುಗಿಯಲಿಲ್ಲ.

ಈಗ 6500. ಇದು 'ಬಿಳಿ ಅಂದ್ರೆ ಯಾವ ಬಿಳಿ' ಅನ್ನೋ ಪ್ರಶ್ನೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಮಾನಿಟರಿನಲ್ಲಿ ಅದು ಅಕ್ಷರಶಃ ನಿಜ. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಡೇವಿಡ್ ರೈಟ್ ಮತ್ತು ಟೆಡ್ಡಿಂಗ್‌ಟನ್ನಿನ ಜಾನ್ ಗಿಲ್ಡ್ ಬೇರೆಬೇರೆಯಾಗಿ ಒಂದೇ ಬಗೆಯ ಪ್ರಯೋಗ ಮಾಡಿದರು. ಒಂದು ಬದಿಗೆ ಒಂದು ಶುದ್ಧ ಬಣ್ಣ, ಇನ್ನೊಂದು ಬದಿಗೆ ಕೆಂಪು, ಹಸಿರು, ನೀಲಿ ಬೆಳಕಿನ ಮಿಶ್ರಣ. ಎರಡೂ ಒಂದೇ ಅನ್ನಿಸೋವರೆಗೂ ಹಿಡಿ ತಿರುಗಿಸಬೇಕು. ನೋಡುವ ಕಿಂಡಿ ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಅಗಲ. ರೈಟ್ ಹತ್ತು ಜನರನ್ನು ಕೂರಿಸಿದ, ಗಿಲ್ಡ್ ಏಳು ಜನರನ್ನು. ಆ ಹದಿನೇಳು ಜೋಡಿ ಕಣ್ಣುಗಳ ಸರಾಸರಿಯೇ 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗದ ಮಾನದಂಡವಾಯಿತು. ಇವತ್ತು ಹೈದರಾಬಾದಿನಲ್ಲಿ ನೀವು ಕೊಳ್ಳುವ ಮಾನಿಟರ್ '99% ಎಸ್‌ಆರ್‌ಜಿಬಿ' ಅಂತ ಹೇಳಿಕೊಂಡರೆ, ಅದನ್ನು ಅಳೆದಿದ್ದು ಆ ಹದಿನೇಳು ಜನರ ಕಣ್ಣಿನ ಗಜಕಡ್ಡಿಯಲ್ಲಿ.

ಆ ನಕ್ಷೆಯ ಮೇಲೆ ಹಗಲಿನ ಬೆಳಕಿಗೆ ಗುರುತಿಟ್ಟ ಒಂದು ಜಾಗ ಡಿ65, ಅದು 1960ರ ದಶಕದ್ದು. ಆಗ 6500 ಕೆಲ್ವಿನ್ ಅಂತಲೇ ಹೇಳಿದ್ದರು. ಆಮೇಲೆ ಭೌತವಿಜ್ಞಾನದ ಒಂದು ಸ್ಥಿರಾಂಕದ ಬೆಲೆ ಪರಿಷ್ಕಾರವಾಗಿ ಲೆಕ್ಕ 6504ಕ್ಕೆ ಜರುಗಿತು. ಬೆಳಕು ಅಲ್ಲೇ ಇದೆ, ಅದರ ನಂಬರ್ ಮಾತ್ರ ನಾಲ್ಕು ಡಿಗ್ರಿ ಸರಿದಿದೆ. ಆದರೆ ಅಂಗಡಿಗೆ ಬರುತ್ತಿದ್ದ ಹಳೇ ಮಾನಿಟರುಗಳಲ್ಲಿ 9300 ಸಾಮಾನ್ಯವಾಗಿತ್ತು, ಜಪಾನಿನ ಟಿವಿಗಳ ಹಾಗೆ. ನೀಲಿ ಹೆಚ್ಚಿದ್ದರೆ ಬಿಳಿ ಇನ್ನೂ ಬಿಳುಪಾಗಿ ಕಾಣುತ್ತದೆ, ಉಜಾಲಾ ಹಾಕಿದ ಪಂಚೆಯ ಹಾಗೆ. ಈಗಲೂ ಕೆಲವು ಮಾನಿಟರು ಡಬ್ಬದಿಂದ ಅದೇ ಬಣ್ಣದಲ್ಲಿ ಹೊರಬರುತ್ತವೆ. 6500ಕ್ಕೆ ಇಳಿಸಿದ ಮೊದಲ ದಿನ ಪರದೆ ಹಳದಿ ಅನ್ನಿಸುತ್ತದೆ. ಎರಡು ದಿನ ಮುಟ್ಟಬೇಡಿ, ಕಣ್ಣು ಹೊಂದಿಕೊಳ್ಳುತ್ತೆ. ನಮ್ಮ ಮನೆಗಳಲ್ಲಿ ಹಾಕೋ ತಂಪು ಬಿಳಿ ಟ್ಯೂಬ್‌ಲೈಟಿನ ಡಬ್ಬದ ಮೇಲೂ ಹೆಚ್ಚಾಗಿ 6500 ಅಂತಲೇ ಇರುತ್ತದೆ, ಹಾಗಾಗಿ ಜೋಡಿ ಚೆನ್ನಾಗಿಯೇ ಕೂರುತ್ತದೆ.

1990ರ ದಶಕದ ನಡುವೆ ಇಂಟರ್ನೆಟ್ ಬಂತು, ಒಬ್ಬರ ಚಿತ್ರ ಲಕ್ಷ ಜನರ ಪರದೆ ಹತ್ತಿತು. ಪ್ರತಿ ಚಿತ್ರದ ಜೊತೆಗೂ ಬಣ್ಣದ ವಿವರದ ಫೈಲು ಕಳಿಸೋ ಪದ್ಧತಿಯನ್ನು ಐಸಿಸಿ ಎಂಬ ಒಕ್ಕೂಟ 1993ರಿಂದಲೇ ಕಟ್ಟುತ್ತಿತ್ತು, ಆದರೆ ಡಯಲ್-ಅಪ್ ಕಾಲದಲ್ಲಿ ಅದೂ ಭಾರ. ಆಗ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಎಸ್‌ಆರ್‌ಜಿಬಿಯನ್ನು ಮುಂದಿಟ್ಟವು. ಅದರ ತರ್ಕ ಸರಳ: ಜನರ ಮೇಜಿನ ಮೇಲೆ ಈಗಾಗಲೇ ಇರುವ ಸಾಧಾರಣ ಸಿಆರ್‌ಟಿಯನ್ನೇ ಮಾನದಂಡ ಅಂತ ಕರೆದುಬಿಡೋಣ. ಎಚ್‌ಡಿ ಟಿವಿಯ ಕೆಂಪು, ಹಸಿರು, ನೀಲಿ ತಗೊಂಡರು, ಬಿಳಿಗೆ ಡಿ65, ಗಾಮಾ ಹತ್ತಿರಹತ್ತಿರ 2.2. ಪರದೆಯ ಬೆಳಕು 80 ನಿಟ್, ಕೋಣೆಯಲ್ಲಿ 64 ಲಕ್ಸ್. ಅಂದರೆ ಪರದೆ ಎಳೆದ ಮಬ್ಬು ಕೋಣೆ. 1999ರಲ್ಲಿ ಅದು ಐಇಸಿ ಮಾನದಂಡವಾಯಿತು.

ಇವತ್ತಿನ ಮಾನಿಟರ್ 300, 400 ನಿಟ್ ಕೊಡುತ್ತದೆ, ಬಣ್ಣವೂ ಎಸ್‌ಆರ್‌ಜಿಬಿಗಿಂತ ಹೆಚ್ಚು. ಡಬ್ಬದ ಮೇಲೆ '95% ಡಿಸಿಐ-ಪಿ3' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಗೇಮಿಗೆ, ಸಿನಿಮಾಕ್ಕೆ ಒಳ್ಳೆಯದೇ. ಆದರೆ ಎಸ್‌ಆರ್‌ಜಿಬಿಗೆ ಬರೆದ ಕೆಂಪನ್ನು ಆ ಪರದೆ ತನ್ನ ಕೆಂಪಿನಲ್ಲಿ ತೋರಿಸಿದರೆ ಮನುಷ್ಯರ ಮುಖವೆಲ್ಲ ಟೊಮೇಟೊ. ಆನ್‌ಲೈನಿನಲ್ಲಿ ಇಳಕಲ್ ಸೀರೆ ತರಿಸಿದವರು ಇದನ್ನು ಅನುಭವಿಸಿರುತ್ತಾರೆ. 'ಪರದೆಯ ಬಣ್ಣಕ್ಕೂ ನಿಜವಾದ ಬಣ್ಣಕ್ಕೂ ವ್ಯತ್ಯಾಸ ಇರಬಹುದು' ಅಂತ ಕೆಳಗೆ ಚಿಕ್ಕದಾಗಿ ಬರೆದಿರುತ್ತಲ್ಲ, ಅದು ಈ ಇತಿಹಾಸದ ಅಡಿಟಿಪ್ಪಣಿ. ನೇಯ್ದವರ ತಪ್ಪಿಲ್ಲ, ಮಾರಿದವರದ್ದೂ ಇರಲಿಕ್ಕಿಲ್ಲ. ಆದರೂ ಸೀರೆ ವಾಪಸ್ ಹೋದರೆ ನಷ್ಟ ಅವರಿಗೇ. ಹಾಗಾಗಿ ಮಾನಿಟರ್ ಕೊಳ್ಳುವಾಗ ಮೊದಲು ಕೇಳಬೇಕಾದ್ದು: ಎಸ್‌ಆರ್‌ಜಿಬಿ ಮೋಡ್ ಇದೆಯಾ, ಇದ್ದರೆ ಆ ಮೋಡಿನಲ್ಲಿ ಬ್ರೈಟ್‌ನೆಸ್ ಬದಲಾಯಿಸಲು ಬಿಡುತ್ತಾ? ಎಷ್ಟೋ ಮಾನಿಟರುಗಳಲ್ಲಿ ಬ್ರೈಟ್‌ನೆಸ್‌ಗೆ ಬೀಗ ಹಾಕಿರುತ್ತಾರೆ. ಆಗ ಆ ಮೋಡ್ ಇದ್ದೂ ಇಲ್ಲದ ಹಾಗೆ.

ಪ್ಯಾನೆಲ್ ವಿಷಯಕ್ಕೆ ಬಂದರೆ, ಟಿಎನ್ ಹುಟ್ಟಿದ್ದು 1970ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಒಂದು ಔಷಧ ಕಂಪನಿಯಲ್ಲಿ: ಹಾಫ್‌ಮನ್-ಲಾ ರೋಶ್. ಶಾಟ್ ಮತ್ತು ಹೆಲ್ಫ್ರಿಕ್ ಅದನ್ನು ಕಂಡುಹಿಡಿದವರು. ಅಗ್ಗ, ವೇಗ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಉಲ್ಟಾ. ಆ ಕಾಯಿಲೆಗೆ ಒಂದು ಮದ್ದು ಸಿಕ್ಕಿದ್ದರ ಬೇರು ಬೆಂಗಳೂರಿನಲ್ಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ನಡೆಸಿ ಆಮೇಲೆ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್ ಜೊತೆ ಸೇರಿ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ದ್ರವ ಸ್ಫಟಿಕ ಅಂದ್ರೆ ಕಡ್ಡಿಯಾಕಾರದ ಅಣುಗಳೇ. ಈ ತಟ್ಟೆ ಜಾತಿಯ ಅಣುಗಳನ್ನು ಹಾಳೆಯಾಗಿ ಮಾಡಿ 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಟಿಎನ್ ಪರದೆಗೆ ಅಂಟಿಸಿತು, ನೋಡುವ ಕೋನ ಹಿಗ್ಗಿತು. ನಮ್ಮ ಆಫೀಸುಗಳಿಗೆ ಮೊದಲು ಬಂದ ಚಪ್ಪಟೆ ಮಾನಿಟರುಗಳ ಕಾಲದ ತಂತ್ರ ಅದು. ಐಪಿಎಸ್ 1996ರಲ್ಲಿ ಹಿಟಾಚಿಯಿಂದ ಬಂತು. ಈಗ ಅದೂ ವೇಗ ಕಲಿತಿದೆ. ಕೆಲಸ ಮತ್ತು ಆಟ ಎರಡಕ್ಕೂ ನಾನು ಹೇಳೋದು ಐಪಿಎಸ್.

144 ಯಾಕೆ ಬೇಕು? ಸಿಆರ್‌ಟಿಯ ಚುಕ್ಕೆ ಒಂದೆರಡು ಮಿಲಿಸೆಕೆಂಡ್ ಮಿಂಚಿ ಆರುತ್ತಿತ್ತು. ಎಲ್‌ಸಿಡಿ ಮುಂದಿನ ಚಿತ್ರ ಬರೋವರೆಗೂ ಹಿಡಿದುಕೊಂಡೇ ಇರುತ್ತದೆ. ಓಡುವ ವಸ್ತುವಿನ ಹಿಂದೆ ಕಣ್ಣು ಓಡುತ್ತಿದ್ದರೆ, ನಿಂತ ಚಿತ್ರ ಕಣ್ಣಿನಲ್ಲಿ ಒರೆಸಿದಂತಾಗುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ಓಡುವ ಕಾರು 60 ಹರ್ಟ್ಸ್‌ನಲ್ಲಿ 16 ಪಿಕ್ಸೆಲ್ ಅಗಲ ಮಸುಕು, 144ರಲ್ಲಿ ಏಳಕ್ಕಿಂತ ಕಡಿಮೆ. 144ರಿಂದ 240ಕ್ಕೆ ಹೋದರೆ ನಾಲ್ಕಕ್ಕೆ ಇಳಿಯುತ್ತದೆ, ಅಷ್ಟೇ. ಸ್ಪರ್ಧೆಗೆ ಆಡದವರು ಆ ದುಡ್ಡನ್ನು ಒಳ್ಳೆಯ ಕುರ್ಚಿಗೆ ಹಾಕಿ.

ಕ್ಯಾಲಿಬ್ರೇಶನ್ ಅಂದ್ರೆ ಇಷ್ಟೇ: ನಿಮ್ಮ ಪರದೆಯನ್ನು ಆ 1996ರ ಒಪ್ಪಂದಕ್ಕೆ ತರೋದು. ಮಾನಿಟರನ್ನು ಅರ್ಧ ಗಂಟೆ ಬಿಸಿಯಾಗಲು ಬಿಡಿ. 6500, 2.2, ಎಸ್‌ಆರ್‌ಜಿಬಿ ಹಾಕಿ. ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಖಾಲಿ ಡಾಕ್ಯುಮೆಂಟ್ ಅದಕ್ಕಿಂತ ದೀಪದ ಹಾಗೆ ಹೊಳೆಯದಂತೆ ಬ್ರೈಟ್‌ನೆಸ್ ಇಳಿಸಿ. ಓವರ್‌ಡ್ರೈವ್ ನಡುವಿನ ಮಟ್ಟದಲ್ಲಿರಲಿ. ತುದಿಗೆ ಏರಿಸಿದರೆ ಚಲಿಸುವ ಅಂಚಿಗೆ ಬಿಳಿ ನೆರಳು ಹುಟ್ಟುತ್ತದೆ. ಕಣ್ಣಳತೆ ಇಲ್ಲಿಗೆ ಸಾಕು, ಯಾಕಂದ್ರೆ ಕಣ್ಣು ಎಲ್ಲದಕ್ಕೂ ಒಗ್ಗಿಕೊಂಡುಬಿಡುತ್ತೆ. ಬಣ್ಣವೇ ಹೊಟ್ಟೆಪಾಡಾದವರು ಕಲರಿಮೀಟರ್ ಕೊಳ್ಳಿ, ಅಥವಾ ಗೆಳೆಯರ ಹತ್ತಿರ ಎರವಲು ತಗೊಳ್ಳಿ. ಆರ್ಗಿಲ್‌ಸಿಎಂಎಸ್, ಡಿಸ್‌ಪ್ಲೇಕ್ಯಾಲ್ ಎರಡೂ ಉಚಿತ. ಬೇರೆಯವರ ಐಸಿಸಿ ಫೈಲ್ ಡೌನ್‌ಲೋಡ್ ಮಾಡಿ ಹಾಕಬೇಡಿ, ಒಂದೇ ಮಾಡೆಲ್‌ನ ಎರಡು ಪೀಸುಗಳೂ ಒಂದೇ ಥರ ಇರೋದಿಲ್ಲ. ಬಹಳಷ್ಟು ಗೇಮುಗಳು ಆ ಫೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಹಾಗಾಗಿ ಮಾನಿಟರಿನ ಮೆನುವಿನಲ್ಲೇ ಆದಷ್ಟು ಸರಿಪಡಿಸಿ.

ಎಚ್‌ಡಿಆರ್ ಬಗ್ಗೆ ಎರಡೇ ಮಾತು. 2014ರಲ್ಲಿ ಮಾನದಂಡವಾದ ಅದರ ಪಿಕ್ಯೂ ವಕ್ರರೇಖೆ ಕೊನೆಗೂ ಟ್ಯೂಬನ್ನು ಬಿಟ್ಟು ಮನುಷ್ಯನ ಕಣ್ಣಿನ ಲೆಕ್ಕದಲ್ಲಿ, 10,000 ನಿಟ್‌ವರೆಗೆ ಬರೆದದ್ದು. 'ಎಚ್‌ಡಿಆರ್ 400' ಸ್ಟಿಕರಿನ ಮಾನಿಟರ್ ಅದರಲ್ಲಿ ಎಷ್ಟು ತೋರಿಸೀತು, ನೀವೇ ಭಾಗಿಸಿ ನೋಡಿ. ನನ್ನದರಲ್ಲಿ ಎರಡು ಪ್ರೀಸೆಟ್ ಇಟ್ಟಿದೀನಿ: ಹಗಲಿಗೆ ಎಸ್‌ಆರ್‌ಜಿಬಿ 120 ನಿಟ್, ರಾತ್ರಿ ಗೇಮಿಗೆ ಬಣ್ಣ ಪೂರ್ತಿ ಬಿಟ್ಟು 144 ಹರ್ಟ್ಸ್. ಎಚ್‌ಡಿಆರ್ ಆಫ್.