‘ಕರ್ನಲ್’: ಒಂದು ಸೇನಾಪದದ ಬರಹ ಮತ್ತು ಉಚ್ಚಾರ

ಇಂಗ್ಲಿಷಿನ ಸೇನಾಪದಗಳಲ್ಲಿ ಬರಹಕ್ಕೂ ಉಚ್ಚಾರಕ್ಕೂ ಹೊಂದಿಕೆಯಿಲ್ಲದ ಪದಕ್ಕೆ ಪ್ರಸಿದ್ಧ ಉದಾಹರಣೆ ‘ಕರ್ನಲ್’. ಅಕ್ಷರಗಳಿದ್ದಂತೆಯೇ ಓದಿದರೆ ಅದು ‘ಕೊಲೊನೆಲ್’ ಎಂದಾಗಬೇಕು. ಆದರೆ ಬರಹದಲ್ಲಿ ಎರಡು ಲಕಾರಗಳಿದ್ದರೂ ಉಚ್ಚಾರದಲ್ಲಿ ಮೊದಲನೆಯದು ಮಾಯವಾಗಿ, ಅದರ ಸ್ಥಾನಕ್ಕೆ ರೇಫ ಬಂದಿದೆ. ಇದು ಬರಹಗಾರರ ಪ್ರಮಾದವಲ್ಲ. ಒಂದೇ ಪದ ಎರಡು ದಾರಿಗಳಿಂದ ಇಂಗ್ಲಿಷನ್ನು ಹೊಕ್ಕುದರ ಗುರುತು.

ಪದದ ಮೂಲ ಲ್ಯಾಟಿನ್ನಿನ ‘ಕೊಲುಮ್ನ’. ಅರ್ಥ ಕಂಬ, ಸ್ತಂಭ. ಅದು ಇಟಾಲಿಯನ್ನಿನಲ್ಲಿ ‘ಕೊಲೊನ್ನ’ ಆಯಿತು. ಸಾಲುಸಾಲಾಗಿ ನಿಂತ ಸೈನಿಕರ ನೀಳವಾದ ಪಡೆ ಸ್ತಂಭವನ್ನು ಹೋಲುವುದರಿಂದ ಪಡೆಗೂ ಅದೇ ಹೆಸರು ಬಂದಿತು. ಅಂಥ ಪಡೆಯ ನಾಯಕನು ‘ಕೊಲೊನ್ನೆಲ್ಲೊ’ ಎನಿಸಿದನು. 16ನೆಯ ಶತಮಾನದಲ್ಲಿ ಯುರೋಪಿನ ಯುದ್ಧವಿದ್ಯೆಗೆ ಇಟಲಿಯೇ ಪಾಠಶಾಲೆಯಂತಿತ್ತು. ಕಾಲಾಳು, ಕುದುರೆ ದಳ, ಫಿರಂಗಿಗಳನ್ನು ಸೂಚಿಸುವ ಇಂಗ್ಲಿಷ್ ಪದಗಳ ಮೂಲವೂ ಇಟಾಲಿಯನ್ನಿನಲ್ಲಿರುವುದು ಇದಕ್ಕೆ ಸಾಕ್ಷಿ.

ಫ್ರೆಂಚರ ನಾಲಗೆಯಲ್ಲಿ ಈ ಪದ ‘ಕೊರೊನೆಲ್’ ಆಯಿತು. ಒಂದೇ ಪದದಲ್ಲಿ ಎರಡು ಲಕಾರಗಳು ಬಂದಾಗ ಒಂದನ್ನು ಬೇರೆಯಾಗಿಸುವ ಈ ಪ್ರವೃತ್ತಿಯನ್ನು ಭಾಷಾಶಾಸ್ತ್ರಜ್ಞರು ವಿಸದೃಶೀಕರಣವೆನ್ನುತ್ತಾರೆ. ರ-ಲಗಳ ವಿನಿಮಯವು ಪ್ರಾಕೃತದ ಅಭ್ಯಾಸಿಗಳಿಗೆ ಹೊಸದಲ್ಲ. ಸಂಸ್ಕೃತದ ‘ಹರಿದ್ರಾ’ ಪ್ರಾಕೃತದಲ್ಲಿ ‘ಹಲಿದ್ದಾ’ ಆಗುತ್ತದೆ, ‘ದರಿದ್ರ’ವು ‘ದಲಿದ್ದ’ವಾಗುತ್ತದೆ. 12ನೆಯ ಶತಮಾನದ ಜೈನಾಚಾರ್ಯ ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿ ಇಂಥ ರೂಪಗಳಿಗೆ ವಿಧಿಯನ್ನೇ ಹೇಳಿದ್ದಾನೆ. ದಿಕ್ಕು ಬೇರೆಯಾದರೂ ಬಾಯಿಯ ಸ್ವಭಾವ ಒಂದೇ.

16ನೆಯ ಶತಮಾನದ ಮಧ್ಯದಲ್ಲಿ ಇಂಗ್ಲಿಷರು ಮೊದಲು ಪಡೆದುಕೊಂಡದ್ದು ಈ ಫ್ರೆಂಚ್ ರೂಪವನ್ನು. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಇಟಾಲಿಯನ್ ಯುದ್ಧಗ್ರಂಥಗಳ ಅನುವಾದಗಳೊಡನೆ ಲಕಾರದ ಬರಹವೂ ಬಂದಿತು. ಗ್ರಂಥಗಳ ಬಲದಿಂದ ಲಕಾರವು ಕಾಗದದ ಮೇಲೆ ಗೆದ್ದಿತು. ಮಾತಿನಲ್ಲಿ ಎರಡೂ ರೂಪಗಳು ಬಹುಕಾಲ ಜೊತೆಗಿದ್ದು, ಕೊನೆಗೆ ರೇಫವೇ ಉಳಿಯಿತು. ಸ್ಪ್ಯಾನಿಷಿನಲ್ಲಿ ಇಂದಿಗೂ ಬರಹ, ಉಚ್ಚಾರ ಎರಡೂ ‘ಕೊರೊನೆಲ್’. ಅದನ್ನು ಕಿರೀಟವಾಚಿಯಾದ ‘ಕೊರೋನ’ದೊಡನೆ ಜೋಡಿಸಿ ‘ರಾಜನ ಅಧಿಕಾರಿ’ ಎಂದು ಅರ್ಥ ಹೇಳುವುದುಂಟು. ಇದು ಜನಪದ ನಿರುಕ್ತಿ ಮಾತ್ರ.

ಕನ್ನಡ ಈ ಪದವನ್ನು ಕಿವಿಯಿಂದ ಪಡೆಯಿತು. ಆದುದರಿಂದ ‘ಕರ್ನಲ್’ ಎಂಬ ಕನ್ನಡ ಬರಹದಲ್ಲಿ ಫ್ರೆಂಚರ ರೇಫ ಸ್ಪಷ್ಟವಾಗಿ ಉಳಿದಿದೆ. ಇಟಲಿಯ ಸ್ತಂಭ ಮರೆಯಾಗಿದೆ.

ಪದದಷ್ಟೇ ಪದವಿಯೂ ಜಟಿಲ. ಮೊದಲು ಕರ್ನಲನೇ ರೆಜಿಮೆಂಟಿನ ನೇರ ನಾಯಕ. ಕ್ರಮೇಣ ಆ ಸ್ಥಾನವು ಗೌರವದ್ದಾಗಿ, ಪಡೆಯನ್ನು ನಡೆಸುವ ಹೊಣೆ ಲೆಫ್ಟಿನೆಂಟ್ ಕರ್ನಲನ ಪಾಲಿಗೆ ಬಂದಿತು. ‘ಲೆಫ್ಟಿನೆಂಟ್’ ಎಂದರೆ ಫ್ರೆಂಚಿನಲ್ಲಿ ಇನ್ನೊಬ್ಬರ ಸ್ಥಾನವನ್ನು ವಹಿಸಿದವನು ಎಂದೇ ಅರ್ಥ. 1799ರ ಶ್ರೀರಂಗಪಟ್ಟಣದ ಯುದ್ಧ ಇದಕ್ಕೆ ಒಳ್ಳೆಯ ನಿದರ್ಶನ. ಆಗ 33ನೆಯ ರೆಜಿಮೆಂಟಿನ ಕರ್ನಲ್ ಎಂದರೆ ಭಾರತದಲ್ಲಿಯೇ ಇಲ್ಲದ ಕಾರ್ನ್‌ವಾಲಿಸ್. ಅದೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲನಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಸೇನೆಯ ಶ್ರೇಣಿಯಲ್ಲಿ 1796ರಿಂದಲೇ ಕರ್ನಲ್. ಲೆಫ್ಟಿನೆಂಟ್ ಕರ್ನಲನನ್ನೂ ಸಂಬೋಧಿಸುವಾಗ ‘ಕರ್ನಲ್’ ಎಂದೇ ಕರೆಯುವ ರೂಢಿ ಈ ತೊಡಕನ್ನು ಇಮ್ಮಡಿಸುತ್ತದೆ.

ಸಂಶೋಧಕರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಮೈಸೂರು ಸೀಮೆಯನ್ನು ಮೋಜಣಿ ಮಾಡಿ, ಶಾಸನ, ಕೈಫಿಯತ್ತು, ಹಸ್ತಪ್ರತಿಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಝಿ ನಮ್ಮ ಗ್ರಂಥಗಳಲ್ಲಿ ಸದಾ ‘ಕರ್ನಲ್ ಮೆಕೆಂಝಿ’. ಆದರೆ 1804ರಲ್ಲಿ ಕನಕಗಿರಿಯ ದೇವಚಂದ್ರನು, ಮುಂದೆ ‘ರಾಜಾವಳಿ ಕಥೆ’ಯನ್ನು ರಚಿಸಿದವನು, ಅವನನ್ನು ಕಂಡಾಗ ಮೆಕೆಂಝಿಯಿನ್ನೂ ಆ ಪದವಿಗೆ ಏರಿರಲಿಲ್ಲ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಅವನು 1821ರಲ್ಲಿ ಮರಣಹೊಂದಿದನು. ಆತನ ಜೀವಿತದ ಕೊನೆಯ ಬಿರುದು ಇಡೀ ಜೀವಿತಕ್ಕೆ ಅಂಟಿಕೊಂಡಿದೆ. ಅಧಿಕಾರಿಯ ಪದವಿಯನ್ನು ಆಧರಿಸಿ ಕಾಲನಿರ್ಣಯ ಮಾಡುವವರು, ‘ಕರ್ನಲ್’ ಎಂಬ ಮಾತು ಆ ಕಾಲದ ದಾಖಲೆಯದೋ ನಂತರದ ಬರಹಗಾರನದೋ ಎಂಬುದನ್ನು ಮೊದಲು ಪರಿಶೀಲಿಸಬೇಕು.